ಹಿಯರಿಂಗ್ ಏಡ್ ಸೆಟ್ಟಿಂಗ್ ಒಗ್ಗುತ್ತಿಲ್ಲವಾ? ಎರಡೆರಡೇ ಕೇಳಿ, ಒಂದನ್ನು ಆರಿಸಿ

ಹಿಯರಿಂಗ್ ಏಡ್ ಹಾಕಿಕೊಂಡವರನ್ನು "ಹೇಗೆ ಕೇಳಿಸ್ತಿದೆ?" ಅಂತ ವಿಚಾರಿಸಿ ನೋಡಿ. "ಕೇಳಿಸುತ್ತೆ, ಆದರೆ ಯಾಕೋ ಸರಿ ಇಲ್ಲ" ಎನ್ನುತ್ತಾರೆ. ಏನು ಸರಿ ಇಲ್ಲ ಅಂದರೆ ಸುಮ್ಮನಾಗುತ್ತಾರೆ. 2000 ಹರ್ಟ್ಜ್ ಹತ್ತಿರ ಮೂರು ಡೆಸಿಬೆಲ್ ಕಮ್ಮಿ ಮಾಡಪ್ಪ ಅಂತ ಯಾವ ಅಜ್ಜಿಯೂ ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಅದೇ ಒಂದು ಮಾತನ್ನು ಎರಡು ಸೆಟ್ಟಿಂಗ್‌ನಲ್ಲಿ ಕೇಳಿಸಿ "ಮೊದಲನೇದಾ, ಎರಡನೇದಾ?" ಅನ್ನಿ. ಥಟ್ಟನೆ ಹೇಳುತ್ತಾರೆ. ಇಲ್ಲಿ ಹೇಳುವ ವಿಧಾನಕ್ಕೆ ಅಷ್ಟು ಉತ್ತರ ಸಾಕು.

ಆದರೆ ಯಾವ ಎರಡನ್ನು ಕೇಳಿಸುವುದು? ಹಲವು ಕಂಪನಿಗಳ ಫೋನ್ ಆ್ಯಪ್‌ನಲ್ಲಿ ಬೇಸ್ (ದಪ್ಪ ಸದ್ದು), ಮಿಡ್ (ನಡುವಿನದು), ಟ್ರೆಬಲ್ (ತೀಕ್ಷ್ಣ ಸದ್ದು) ಅಂತ ಮೂರು ಸ್ಲೈಡರ್ ಇರುತ್ತವೆ. ಒಂದೊಂದಕ್ಕೂ -6ರಿಂದ +6ರವರೆಗೆ 13 ಮೆಟ್ಟಿಲು ಇದೆ ಅಂದುಕೊಳ್ಳಿ. ಒಟ್ಟು 2,197 ಸೆಟ್ಟಿಂಗ್ ಆಯಿತು. ಎಲ್ಲವನ್ನೂ ಒಂದಕ್ಕೊಂದು ಹೋಲಿಸಲು ಹೊರಟರೆ 24,12,306 ಜೋಡಿ. ಊಟ-ನಿದ್ದೆ ಬಿಟ್ಟು ಹತ್ತು ಸೆಕೆಂಡಿಗೊಂದು ಜೋಡಿ ಕೇಳಿದರೂ 279 ದಿನ ಬೇಕು.

ಆ ಕಾಟ ತಪ್ಪಿಸುವುದು ಎವಲ್ಯೂಷನರಿ ಆಲ್ಗಾರಿದಮ್. ಹೆಸರು ದೊಡ್ಡದು, ಕೆಲಸ ನಮಗೆ ಗೊತ್ತಿರುವುದೇ. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರಲ್ಲ, ಹಾಗೆ. ಒಳ್ಳೆಯ ಎರಡನ್ನು ಆರಿಸು, ಬೆರೆಸು, ಬಂದ ಮರಿಗಳಲ್ಲಿ ಮತ್ತೆ ಒಳ್ಳೆಯದನ್ನು ಉಳಿಸಿಕೋ. ಇಲ್ಲಿ ತಳಿ ಅಂದರೆ ಮೂರು ಅಂಕಿಗಳ ಒಂದು ಸೆಟ್ಟಿಂಗ್. ಯಾವುದು ಒಳ್ಳೆಯದು ಅಂತ ತೀರ್ಮಾನಿಸುವುದು ಕೇಳುವವರ ಕಿವಿ.

ಇದೇನೂ ನಿನ್ನೆ ಮೊನ್ನೆಯ ಯೋಚನೆಯಲ್ಲ. ಎರಿಕ್ ಡ್ಯುರಾಂಟ್ ಮತ್ತು ಸಂಗಡಿಗರು 2004ರಲ್ಲಿ, ಜಪಾನಿನ ಹಿದೆಯುಕಿ ತಕಾಗಿ ಮತ್ತು ಮಿಹೊ ಒಸಾಕಿ 2007ರಲ್ಲಿ ಈ ದಾರಿಯಲ್ಲಿ ಹಿಯರಿಂಗ್ ಏಡ್ ಹೊಂದಿಸುವ ಬಗ್ಗೆ ಸಂಶೋಧನೆ ಪ್ರಕಟಿಸಿದರು. 2018ರಲ್ಲಿ ವೈಡೆಕ್ಸ್ ಕಂಪನಿ ಎರಡೆರಡು ಸದ್ದು ಕೇಳಿಸಿ ಆರಿಸುವ ಸೌಲಭ್ಯವನ್ನು ತನ್ನ ಆ್ಯಪ್‌ನಲ್ಲೇ ಕೊಟ್ಟಿತು. ಅದು ಬಳಸುವ ಗಣಿತ ಬೇರೆ, ಕೇಳುವ ಪ್ರಶ್ನೆ ಇದೇ. ನಿಮ್ಮ ಆ್ಯಪ್‌ನಲ್ಲಿ ಇಂಥದ್ದು ಇದ್ದರೆ ಮೊದಲು ಅದನ್ನೇ ಬಳಸಿ. ಇಲ್ಲದಿದ್ದರೆ ಒಂದು ನೋಟ್‌ಬುಕ್, ಪೆನ್ನು, ತಾಳ್ಮೆ ಇರುವ ಮಗಳೋ ಮೊಮ್ಮಗನೋ ಸಾಕು.

ಇದು ಯಾರಿಗೆ ಬೇಡ

ಮಕ್ಕಳಿಗೆ ಬೇಡ. ಭಾಷೆ ಕಲಿಯುವ ವಯಸ್ಸಿನಲ್ಲಿ ಯಾವ ಸದ್ದು ಬೇಕು ಎನ್ನುವುದು ಇಷ್ಟಾನಿಷ್ಟದ ಪ್ರಶ್ನೆಯಲ್ಲ.

ಇದ್ದಕ್ಕಿದ್ದಂತೆ ಕಿವಿ ಕೇಳಿಸದೇ ಹೋದರೆ, ಒಂದೇ ಕಿವಿ ಮಂದವಾದರೆ, ಕಿವಿ ಸೋರುತ್ತಿದ್ದರೆ, ತಲೆ ಸುತ್ತು ಜೊತೆಗಿದ್ದರೆ ಸ್ಲೈಡರ್ ಮುಟ್ಟಬೇಡಿ. ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ದಿಢೀರ್ ಕಿವುಡಿಗೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಹೊಸದಾಗಿ ಮಿಷನ್ ಹಾಕಿಕೊಂಡವರೂ ಒಂದೆರಡು ತಿಂಗಳು ಕಾಯಬೇಕು. ಎಷ್ಟೋ ವರ್ಷ ತೀಕ್ಷ್ಣ ಸದ್ದೇ ಕೇಳದ ಕಿವಿಗೆ ಸ್ಟೀಲ್ ತಟ್ಟೆಯ ಸದ್ದು, ಪೇಪರ್ ಮಡಚುವ ಸದ್ದು ಕೂಡ ಹಿಂಸೆ. ಆಗ ಆರಿಸಲು ಕೂರಿಸಿದರೆ ಪ್ರತಿ ಸಲವೂ ಟ್ರೆಬಲ್ ಕಮ್ಮಿ ಇರುವುದೇ ಗೆಲ್ಲುತ್ತೆ. ಆದರೆ ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲಿನ ಆವರ್ತನಗಳಲ್ಲೇ ಇರುತ್ತೆ. ಹಾಯಾಗಿ ಇರುತ್ತೆ, ಮಾತು ಮಾತ್ರ ಅರ್ಥವಾಗಲ್ಲ. ಆಲ್ಗಾರಿದಮ್‌ಗೆ ಈ ವ್ಯತ್ಯಾಸ ತಿಳಿಯದು. ನೀವು ಏನನ್ನು ಮೆಚ್ಚುತ್ತೀರೋ ಅದನ್ನೇ ಅದು ಬೆಳೆಸುತ್ತೆ.

ಉಳಿದವರು ಆರಂಭಿಸಬೇಕಾದದ್ದು ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಿಂದ. ಸೌಂಡ್ ಪ್ರೂಫ್ ಕೋಣೆಯಲ್ಲಿ 250ರಿಂದ 8000 ಹರ್ಟ್ಜ್‌ವರೆಗೆ ಪರೀಕ್ಷೆ ಆಗಿರಬೇಕು. ಅದರ ಆಧಾರದ ಮೇಲೆ ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು, ಮಾಡಿಕೊಟ್ಟ ಫಿಟ್ಟಿಂಗ್ ಇರಬೇಕು. ಹಲವರು ಬಳಸುವುದು ಆಸ್ಟ್ರೇಲಿಯಾದ ಎನ್‌ಎಎಲ್-ಎನ್‌ಎಲ್2 ಎಂಬ ಸೂತ್ರ. ಅದು ನಿಮ್ಮ ವಯಸ್ಸು, ಗಂಡೋ ಹೆಣ್ಣೋ, ಮಿಷನ್ ಬಳಕೆಗೆ ಹೊಸಬರೋ ಹಳಬರೋ, ಕೊನೆಗೆ ನೀವಾಡುವುದು ಚೀನೀ ಭಾಷೆಯಂತೆ ಸ್ವರದ ಏರಿಳಿತದಿಂದ ಪದದ ಅರ್ಥ ಬದಲಾಗುವ ಭಾಷೆಯೋ ಅಲ್ಲವೋ ಎನ್ನುವುದನ್ನೂ ನೋಡುತ್ತೆ. ಆದರೂ ಅದು ಕೊಡುವುದು ನಿಮ್ಮಂಥ ಬಹಳ ಜನರ ಸರಾಸರಿ. ಅದನ್ನು ಸೊನ್ನೆ ಅಂತ ಇಟ್ಟುಕೊಂಡು ಆಚೀಚೆ ಸ್ವಲ್ಪ ಹುಡುಕುವುದಷ್ಟೇ ನಮ್ಮ ಕೆಲಸ. ಮಿಷನ್ ಅತಿ ಜೋರಾಗಿ ಎಷ್ಟು ಸದ್ದು ಹೊರಡಿಸಬಹುದು ಎಂಬ ಮಿತಿ, ಅಂದರೆ ಎಂಪಿಒ, ನಮ್ಮ ಆಟದಲ್ಲಿ ಇಲ್ಲವೇ ಇಲ್ಲ. ಉಳಿದಿರುವ ಶ್ರವಣಶಕ್ತಿಯನ್ನು ಕಾಯುವುದು ಆ ಮಿತಿ.

ಹಂತ 1: ಒಂದು ಜಾಗ, ಒಂದು ಪ್ರೋಗ್ರಾಂ

ಎಲ್ಲಾ ಕಡೆಗೂ ಒಂದೇ ಒಳ್ಳೆಯ ಸೆಟ್ಟಿಂಗ್ ಹುಡುಕಬೇಡಿ. ಮನೆಯಲ್ಲಿ ಟಿವಿ ಧಾರಾವಾಹಿಗೆ ಒಗ್ಗಿದ್ದು ಬೆಳಗಿನ ದರ್ಶಿನಿಯಲ್ಲಿ ಒಗ್ಗಲ್ಲ. ಜಾಸ್ತಿ ಕಷ್ಟ ಕೊಡುವ ಒಂದು ಜಾಗ ಆರಿಸಿ. ಮದುವೆ ಛತ್ರ ಅಂತ ಮಾತ್ರ ಶುರು ಮಾಡಬೇಡಿ. ಗೋಡೆಗೆ ಬಡಿದು ಮರಳುವ ಸದ್ದನ್ನು ಯಾವ ಸ್ಲೈಡರೂ ಸರಿ ಮಾಡಲ್ಲ.

ಈಗಿನ ಮಿಷನ್‌ಗಳು ಸುತ್ತಲಿನ ಸದ್ದು ನೋಡಿ ತಾವಾಗಿಯೇ ಪ್ರೋಗ್ರಾಂ, ಅಂದರೆ ಒಂದೊಂದು ಥರದ ಜಾಗಕ್ಕೆ ಸಿದ್ಧವಿರುವ ಸೆಟ್ಟಿಂಗ್, ಬದಲಿಸುತ್ತವೆ. ಪ್ರಯೋಗದ ಹೊತ್ತಿಗೆ ಆ ಆಟೊಮ್ಯಾಟಿಕ್ ಬಿಟ್ಟು, ಆ್ಯಪ್‌ನಲ್ಲಿ ಒಂದೇ ಪ್ರೋಗ್ರಾಂಗೆ ನಿಲ್ಲಿಸಿ. ಇಲ್ಲವಾದರೆ ನೀವು ಬದಲಿಸಿದ್ದು ಒಂದು, ಅದು ಬದಲಿಸಿದ್ದು ಇನ್ನೊಂದು.

ಕಿವಿಯೊಳಗೆ ಹೋಗುವ ಸಿಲಿಕಾನ್ ತುದಿಯನ್ನೂ ನೋಡಿ. ಅದಕ್ಕೆ ಡೋಮ್ ಅಂತಾರೆ. ತೂತುಗಳಿರುವ ಓಪನ್ ಡೋಮ್ ಆದರೆ ಬೇಸ್ ಸದ್ದು ಹೊರಗೆ ಸೋರಿಹೋಗುತ್ತೆ. ಆಗ ಬೇಸ್ ಸ್ಲೈಡರ್ ಎಷ್ಟು ಎಳೆದರೂ ಫರಕ್ ಕಮ್ಮಿ. ಅದನ್ನು ಸೊನ್ನೆಗೆ ಬಿಟ್ಟು ಉಳಿದೆರಡನ್ನೇ ಹುಡುಕಿದರೆ ಕೆಲಸ ಅರ್ಧ ಆಗುತ್ತೆ.

ಹಂತ 2: ಕೇಳಿಸುವ ಸಾಮಗ್ರಿ

ಹೋಲಿಕೆ ನ್ಯಾಯವಾಗಬೇಕಾದರೆ ಎರಡೂ ಸಲ ಅದೇ ಮಾತು, ಅದೇ ದನಿ ಇರಬೇಕು. ಹಾಗಾಗಿ ರೆಕಾರ್ಡಿಂಗ್ ಬೇಕು. ಮನೆಯವರೇ ಯಾರಾದರೂ ಹತ್ತು ಸೆಕೆಂಡಿನ ನಾಲ್ಕೈದು ಮಾತುಗಳನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಲಿ. ಒಂದು ಹೆಣ್ಣು ದನಿ, ಒಂದು ಗಂಡು ದನಿ ಇರಲಿ. ಸಾಧ್ಯವಾದರೆ ಒಂದು ಪುಟ್ಟ ಮಗುವಿನ ದನಿಯೂ ಇರಲಿ. ಮೊಮ್ಮಕ್ಕಳ ಮಾತು ತಿಳಿಯದೇ ಹೋಗುವುದೇ ಎಷ್ಟೋ ಜನರ ನಿಜವಾದ ದೂರು. ಗದ್ದಲಕ್ಕಾಗಿ ನೀವು ಆರಿಸಿದ ಜಾಗಕ್ಕೇ ಹೋಗಿ ಎರಡು ನಿಮಿಷ ರೆಕಾರ್ಡ್ ಮಾಡಿ. ಲೋಟ-ತಟ್ಟೆ, ಟೋಕನ್ ಕೂಗುವವರು, ಮಿಕ್ಸಿ ಎಲ್ಲಾ ಬರಲಿ.

ಲ್ಯಾಪ್‌ಟಾಪ್ ಸ್ಪೀಕರ್ ಬಳಸಬೇಡಿ. ಅದರಲ್ಲಿ ಬೇಸ್ ಇರುವುದೇ ಇಲ್ಲ, ಇಲ್ಲದ್ದನ್ನು ಹೋಲಿಸುವುದು ಹೇಗೆ? ಒಂದು ಸಾಧಾರಣ ಸ್ಪೀಕರ್ ಎದುರಿಗೆ ಒಂದು ಮೀಟರ್ ದೂರದಲ್ಲಿ, ಕಿವಿಯ ಮಟ್ಟದಲ್ಲಿ ಇಡಿ. ಮಾತು ಅದರಲ್ಲಿ ಬರಲಿ. ಗದ್ದಲ ಇನ್ನೊಂದು ಸ್ಪೀಕರ್‌ನಲ್ಲಿ ಬೆನ್ನ ಹಿಂದಿನಿಂದ ಬರಲಿ. ಎರಡೂ ಎದುರಿನಿಂದಲೇ ಬಂದರೆ ಮಿಷನ್‌ನ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಡೈರೆಕ್ಷನಲ್ ಮೈಕ್‌ಗೆ ಮಾಡಲು ಕೆಲಸವೇ ಉಳಿಯಲ್ಲ. ಮಾತಿನ ಸದ್ದು ಎದುರಿಗೆ ಕೂತು ಮಾತಾಡುವಷ್ಟು, ಸುಮಾರು 60-65 ಡೆಸಿಬೆಲ್ ಇದ್ದರೆ ಸಾಕು. ಒಮ್ಮೆ ಇಟ್ಟ ವಾಲ್ಯೂಮನ್ನು ಕೊನೆಯವರೆಗೂ ಮುಟ್ಟಬೇಡಿ. ಫ್ಯಾನ್ ಆಫ್, ಕುಕ್ಕರ್ ಕೂಗಿ ಮುಗಿದಿರಲಿ, ಕಿಟಕಿ ಹಾಕಿರಲಿ. ಮುಖ್ಯರಸ್ತೆಯ ಮನೆಯಾದರೆ ರಾತ್ರಿ ಹತ್ತರ ಮೇಲೆ ಕೂರುವುದೇ ವಾಸಿ.

ಹಂತ 3: ಮೊದಲ ತಲೆಮಾರು

ಆರು ಸೆಟ್ಟಿಂಗ್ ಬರೆದುಕೊಳ್ಳಿ. ಬೇಸ್, ಮಿಡ್, ಟ್ರೆಬಲ್ ಈ ಕ್ರಮದಲ್ಲಿ:

ಅ: 0, 0, 0
ಆ: -2, 0, +2
ಇ: 0, 0, +4
ಈ: -4, 0, 0
ಉ: +2, 0, -2
ಊ: -2, +2, 0

"ಅ" ಎಂದರೆ ಆಡಿಯಾಲಜಿಸ್ಟ್ ಕೊಟ್ಟದ್ದು. ಅದು ಗುಂಪಿನಲ್ಲಿ ಇರಲೇಬೇಕು. ನಿಮ್ಮ ಆ್ಯಪ್‌ನ ಮೆಟ್ಟಿಲು ಡೆಸಿಬೆಲ್‌ನಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಮೆಟ್ಟಿಲನ್ನೇ ಎಣಿಸಿ.

ಒಂದು ಕಟ್ಟುನಿಟ್ಟಿನ ನಿಯಮ: ಮೂರನ್ನೂ ಕೂಡಿದರೆ +4 ದಾಟಬಾರದು, ಮೂರೂ ಒಂದೇ ದಿಕ್ಕಿಗೆ ಹೋಗಬಾರದು. ಯಾಕೆಂದರೆ ಮೂರೂ ಒಟ್ಟಿಗೆ ಏರಿದರೆ ಅದು ಬರೀ ವಾಲ್ಯೂಮ್. ಎರಡು ಸದ್ದಿನಲ್ಲಿ ತುಸು ಜೋರಾಗಿರುವುದೇ ನಮ್ಮೆಲ್ಲರ ಕಿವಿಗೂ ಚೆನ್ನಾಗಿ ಕೇಳಿಸುತ್ತೆ. ಟಿವಿ ಅಂಗಡಿಯವರಿಗೂ ಈ ಗುಟ್ಟು ಗೊತ್ತು.

ಹಂತ 4: ಜೋಡಿ ಕೇಳಿಸುವುದು

ಆರು ಸೆಟ್ಟಿಂಗ್‌ಗೆ 15 ಜೋಡಿ. ನೋಟ್‌ಬುಕ್‌ನಲ್ಲಿ ಆರು ಸಾಲು, ಆರು ಕಂಬದ ಮನೆ ಹಾಕಿ. ಯಾವ ಜೋಡಿ ಮೊದಲು, ಜೋಡಿಯಲ್ಲಿ ಯಾವುದು ಮೊದಲು ಎನ್ನುವುದನ್ನು ಚೀಟಿ ಎತ್ತಿ ಅಥವಾ ನಾಣ್ಯ ಚಿಮ್ಮಿ ನಿರ್ಧರಿಸಿ. ಫೋನ್ ಕೇಳುವವರ ಕಣ್ಣಿಗೆ ಬೀಳಬಾರದು. "ಇದು ಡಾಕ್ಟ್ರು ಕೊಟ್ಟಿದ್ದು ಅಪ್ಪ" ಅಂತ ಬಾಯಿ ಬಿಟ್ಟರೆ ಅಲ್ಲಿಗೆ ಮುಗಿಯಿತು.

ಸೆಟ್ಟಿಂಗ್ ಬದಲಿಸಿದ ಮೇಲೆ ನಾಲ್ಕೈದು ಸೆಕೆಂಡು ಗದ್ದಲ ಹರಿಯಲು ಬಿಟ್ಟು ಆಮೇಲೆ ಮಾತು ಹಾಕಿ. ಮಿಷನ್‌ನೊಳಗಿನ ಗದ್ದಲ ತಗ್ಗಿಸುವ ವ್ಯವಸ್ಥೆ ಹದಕ್ಕೆ ಬರಲು ಅಷ್ಟು ಹೊತ್ತು ಬೇಕು. ಹೀಗೆ ಒಂದು ಜೋಡಿಗೆ ಅರ್ಧ-ಮುಕ್ಕಾಲು ನಿಮಿಷ, 15 ಜೋಡಿಗೆ ಹತ್ತು ನಿಮಿಷದ ಆಸುಪಾಸು ಹಿಡಿಯುತ್ತೆ. ಗೆದ್ದದ್ದಕ್ಕೆ ಒಂದು ಅಂಕ. "ಎರಡೂ ಒಂದೇ ಕಣೋ" ಅಂದರೆ ಅರ್ಧರ್ಧ ಹಂಚಿ, ಬಲವಂತ ಮಾಡಬೇಡಿ.

ಪ್ರಶ್ನೆಯನ್ನು ಮೊದಲೇ ನಿಗದಿ ಮಾಡಿಕೊಳ್ಳಿ. "ಯಾವುದು ಚೆನ್ನಾಗಿದೆ?" ಎಂದರೆ ಒಂದು ಉತ್ತರ, "ಯಾವುದರಲ್ಲಿ ಮಾತು ತಿಳಿಯಿತು?" ಎಂದರೆ ಇನ್ನೊಂದು. ಗದ್ದಲದ ಜಾಗಕ್ಕೆ ಎರಡನೆಯದನ್ನೇ ಕೇಳಿ. ಸಂಗೀತ ಕೇಳುವ ಪ್ರೋಗ್ರಾಂ ಆದರೆ ಮೊದಲನೆಯದು. ನಡುವೆ ಪ್ರಶ್ನೆ ಬದಲಿಸಿದರೆ ಲೆಕ್ಕ ಕಲಸುಮೇಲೋಗರ.

ಕೊನೆಗೆ ಮೂರು ಜೋಡಿಗಳನ್ನು ಹಿಂದೆಮುಂದೆ ಮಾಡಿ ಇನ್ನೊಮ್ಮೆ ಕೇಳಿಸಿ. ಮೂರರಲ್ಲಿ ಎರಡು ಉತ್ತರ ತಿರುಗಿದರೆ ದಣಿವಾಗಿದೆ ಅಂತ ಅರ್ಥ, ನಾಳೆ ನೋಡೋಣ. ಒಬ್ಬೊಬ್ಬರು ಸುಸ್ತಾದರೂ ಹೇಳಲ್ಲ. ಮಕ್ಕಳು ಆಸೆಯಿಂದ ಮಾಡ್ತಿದ್ದಾರೆ ಅಂತ ಸುಮ್ನೆ ಏನೋ ಒಂದು ಹೇಳುತ್ತಾ ಹೋಗುತ್ತಾರೆ. ಒಂದು ಸಲ ಕೂತರೆ ಒಂದು ತಲೆಮಾರು ಮಾತ್ರ ಮಾಡಿ.

ಎಲ್ಲಕ್ಕೂ ಎರಡು, ಮೂರು ಹೀಗೆ ಒಂದೇ ಥರ ಅಂಕ ಬಂದರೆ ಆರು ಸೆಟ್ಟಿಂಗ್‌ಗಳ ನಡುವೆ ಅಂತರ ಸಾಲದು. ಎರಡರ ಬದಲು ಮೂರು ಮೆಟ್ಟಿಲು ಹಾರಿ, +4ರ ನಿಯಮ ಮೀರದಂತೆ ಮೊದಲಿಂದ ಮಾಡಿ.

ಹಂತ 5: ಬೆರೆಸುವುದು

"ಆ" ಮತ್ತು "ಊ" ಜಾಸ್ತಿ ಗೆದ್ದವು ಅಂದುಕೊಳ್ಳೋಣ. ಅವೆರಡನ್ನೂ ಹಾಗೇ ಮುಂದಿನ ತಲೆಮಾರಿಗೆ ಒಯ್ಯಿರಿ. ಹೊಸದಾಗಿ ನಾಲ್ಕು ಬೇಕು.

ಮೊದಲ ಮರಿ: ಬೇಸ್ ಮತ್ತು ಟ್ರೆಬಲ್ "ಆ"ದಿಂದ, ಮಿಡ್ "ಊ"ದಿಂದ. -2, +2, +2 ಆಯಿತು. ಎರಡನೆಯದು ಅದರ ಉಲ್ಟಾ: ಮಿಡ್ "ಆ"ದಿಂದ, ಉಳಿದದ್ದು "ಊ"ದಿಂದ. -2, 0, 0. ಮೂರನೆಯದಕ್ಕೆ "ಊ" ತೆಗೆದುಕೊಂಡು ಒಂದೇ ಸ್ಲೈಡರನ್ನು ಎರಡು ಮೆಟ್ಟಿಲು ಅಲುಗಾಡಿಸಿ: -4, +2, 0. ಯಾವ ಸ್ಲೈಡರ್, ಮೇಲಕ್ಕೋ ಕೆಳಕ್ಕೋ ಎನ್ನುವುದನ್ನು ಮಾತ್ರ ಚೀಟಿಯೋ ನಾಣ್ಯವೋ ಹೇಳಲಿ, ನಿಮ್ಮ ಅಂದಾಜು ಬೇಡ. ನಾಲ್ಕನೆಯದು ಪೂರ್ತಿ ಪರದೇಶಿ, ಚೀಟಿ ಎತ್ತಿ ಬಂದದ್ದು: +2, -2, +4 ಅಂತಿಟ್ಟುಕೊಳ್ಳಿ. ಇದು ಸೋಲುವ ಸಾಧ್ಯತೆಯೇ ಜಾಸ್ತಿ. ಆದರೂ ಇರಲಿ. ಅದಿಲ್ಲದಿದ್ದರೆ ಮೊದಲು ಸಿಕ್ಕ ಸುಮಾರಾದ ಜಾಗದಲ್ಲೇ ಎಲ್ಲಾ ಮರಿಗಳೂ ಗುಂಪು ಕಟ್ಟಿಕೊಂಡು ಕೂತುಬಿಡುತ್ತವೆ, ಆಚೆ ಇನ್ನೂ ಒಳ್ಳೆಯದಿದ್ದರೂ ಗೊತ್ತಾಗಲ್ಲ.

ಮತ್ತೆ 15 ಜೋಡಿ. ಹೀಗೆ ಮೂರು ನಾಲ್ಕು ತಲೆಮಾರು. ಮೊದಲೆರಡು ಸ್ಥಾನದ ಸೆಟ್ಟಿಂಗ್‌ಗಳ ನಡುವೆ ಯಾವ ಸ್ಲೈಡರ್‌ನಲ್ಲೂ ಎರಡು ಮೆಟ್ಟಿಲಿಗಿಂತ ಹೆಚ್ಚು ಅಂತರ ಇಲ್ಲದಿದ್ದರೆ ನಿಲ್ಲಿಸಿ. ಇನ್ನೂ ಅರೆಯುವುದರಲ್ಲಿ ಅರ್ಥವಿಲ್ಲ.

ಟ್ರೆಬಲ್ ಏರಿಸಿದಾಗ ಮಿಷನ್ ಕುಯ್ಯೆಂದು ಕೂಗಿದರೆ ಆ ಸೆಟ್ಟಿಂಗ್ ಎಷ್ಟೇ ಗೆದ್ದರೂ ಹೊರಗೆ. ಬೇಸ್ ಏರಿದಾಗ ಅವರ ಸ್ವಂತ ದನಿ ಗುಂಯ್‌ಗುಟ್ಟುತ್ತಾ ಅಂತಲೂ ಕೇಳಿ. ರೆಕಾರ್ಡಿಂಗ್ ಕೇಳಿಸುವಾಗ ಯಾರೂ ಮಾತಾಡಿರುವುದಿಲ್ಲ, ಹಾಗಾಗಿ ಈ ತೊಂದರೆ ಕಣ್ತಪ್ಪುತ್ತೆ.

ಹಂತ 6: ಗೆದ್ದದ್ದನ್ನು ನಂಬಬಹುದಾ?

ಮೊದಲು ಗೆದ್ದ ಸೆಟ್ಟಿಂಗನ್ನು "ಅ" ಎದುರು ಹತ್ತು ಸಲ ಕೇಳಿಸಿ. ಪ್ರತಿ ಸಲ ನಾಣ್ಯ ಚಿಮ್ಮಿ ಕ್ರಮ ಬದಲಿಸಿ. ಎಂಟು ಅಥವಾ ಹೆಚ್ಚು ಸಲ ಗೆದ್ದರೆ ನಂಬಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಐದೂವರೆ. ಆರೋ ಏಳೋ ಬಂದರೆ ಹಳೆಯದೇ ಇರಲಿ. ಅದೂ ಒಂದು ಉಪಯುಕ್ತ ಉತ್ತರವೇ: ಆಡಿಯಾಲಜಿಸ್ಟ್ ಮೊದಲೇ ಸರಿಯಾಗಿ ಹೊಂದಿಸಿದ್ದಾರೆ ಅಂತ.

ಆಮೇಲೆ ಮಾತಿನ ಪರೀಕ್ಷೆ. ನನ್ನ ಪ್ರಕಾರ ಇಡೀ ವಿಧಾನದಲ್ಲಿ ಬಿಡಲೇಬಾರದ ಭಾಗ ಇದೇ, ಜನ ಬಿಡುವುದೂ ಇದನ್ನೇ. ಮೆಚ್ಚಿದ ಸದ್ದಿನಲ್ಲಿ ಮಾತು ತಿಳಿಯದಿದ್ದರೆ ಏನು ಬಂತು? ಬಾಯಿಗೆ ಒಂದು ಹಾಳೆ ಅಡ್ಡ ಹಿಡಿದು 25 ಪದ ಹೇಳಿ, ಅವರು ತಿರುಗಿ ಹೇಳಲಿ. ಹತ್ತಿರಹತ್ತಿರದ ಪದಗಳೇ ಬೇಕು. ಸಾಲು, ಹಾಲು, ಕಾಲು, ಪಾಲು. ಸರ, ತರ, ಕರ, ಬರ. ಕಾಲು-ಕಾಳು, ಹಾಲು-ಹಾಳು. ಟ್ರೆಬಲ್ ಜಾಸ್ತಿ ಕತ್ತರಿಸಿದ್ದರೆ ಸ, ತ, ಕ ಮೊದಲು ಎಡವುತ್ತವೆ. ಬೇಸ್ ಜಾಸ್ತಿ ಕತ್ತರಿಸಿದ್ದರೆ ಸ್ವರಗಳಿಗೆ ಪೆಟ್ಟು. ಇ ಮತ್ತು ಎ ನಡುವಿನ ವ್ಯತ್ಯಾಸದ ಒಂದು ಪಾಲು ಕೆಳಗಿನ ಆವರ್ತನದಲ್ಲಿದೆ. ಅದಕ್ಕೇ "ಇಪ್ಪತ್ತು-ಎಪ್ಪತ್ತು" ಪಟ್ಟಿಯಲ್ಲಿ ಇರಲಿ. ಕ್ಯಾಷ್ ಕೌಂಟರ್ ಮುಂದೆ ನಿಜಕ್ಕೂ ಬೇಕಾಗುವ ಪದ ಅದು.

ಹಳೆಯ ಸೆಟ್ಟಿಂಗ್‌ನಲ್ಲಿ 25, ಹೊಸದರಲ್ಲಿ 25. ಪಟ್ಟಿಯ ಕ್ರಮ ಬೇರೆ ಇರಲಿ. ಒಂದೆರಡು ಪದದ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ಹೊಸದರಲ್ಲಿ ನಾಲ್ಕೈದು ಕಮ್ಮಿಯಾದರೆ ಅದು ಬರೀ ಹಾಯಾದ ಸೆಟ್ಟಿಂಗ್. ಎರಡನೇ ಸ್ಥಾನದ್ದನ್ನು ಪರೀಕ್ಷಿಸಿ.

ಹಂತ 7: ಊರಿಗೆ ಇಳಿಯುವುದು

ಗೆದ್ದದ್ದನ್ನು ಆ್ಯಪ್‌ನಲ್ಲಿ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಎಷ್ಟೋ ಮಿಷನ್‌ಗಳಲ್ಲಿ ಸೇವ್ ಮಾಡದ ಬದಲಾವಣೆ ಆಫ್ ಮಾಡಿ ಆನ್ ಮಾಡಿದಾಗ ಹೋಗಿಬಿಡುತ್ತೆ. ಒಂದು ವಾರ ಅದನ್ನೇ ಬಳಸಲಿ. ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ರೈಲು ಬರುವ ಘೋಷಣೆ ತಿಳಿಯಿತಾ? ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಹೇಳಿದ್ದು? ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನವರು ಹೇಳಿದ ರೇಟು? ಮಾಮೂಲಿನಂತೆ ಓಡಾಡುತ್ತಾ ಸಿಕ್ಕಲ್ಲಿ ನೋಡಿದರೆ ಸಾಕು. ಹಾರ್ನ್ ಸದ್ದಿಗೆ ಬೆಚ್ಚಿಬೀಳುವುದು, ಸಂಜೆಗೆ ತಲೆನೋವು, ಮಿಷನ್ ತೆಗೆದಿಡಬೇಕು ಅನ್ನಿಸುವುದು ಇದ್ದರೆ ಟ್ರೆಬಲ್ ಎರಡು ಮೆಟ್ಟಿಲು ಇಳಿಸಿ ಮತ್ತೆ ಪದಗಳ ಪರೀಕ್ಷೆ ಮಾಡಿ.

ಕೋಡ್ ಬರೆಯುವವರಿಗೆ

ಬೆಂಗಳೂರಿನಲ್ಲಿ ಇದನ್ನು ಓದಿದ ಅರ್ಧ ಜನಕ್ಕೆ ಪೈಥಾನ್ ತೆರೆಯುವ ಆಸೆ ಆಗಿರುತ್ತೆ. ಆ್ಯಪಲ್ ಕಂಪನಿ 2024ರಲ್ಲಿ ಏರ್‌ಪಾಡ್ಸ್ ಪ್ರೊ 2ಕ್ಕೆ ಹಿಯರಿಂಗ್ ಏಡ್ ಸೌಲಭ್ಯ ಕೊಟ್ಟಾಗ ಭಾರತದಲ್ಲಿ ಅದು ಸಿಗುತ್ತಿರಲಿಲ್ಲ. ಮನೆಯ ಅಜ್ಜಿಗೆ ಬೇಕು ಅಂತ ಫಾಯಿಲ್ ಸುತ್ತಿ ಸಿಗ್ನಲ್ ತಡೆದು, ಸಾಧನವನ್ನು ಅಮೆರಿಕದಲ್ಲಿದೆ ಎಂದು ನಂಬಿಸಿದವರು ಬೆಂಗಳೂರಿನ ಹುಡುಗರೇ ಅಲ್ವಾ?

ಚೀಟಿ, ನಾಣ್ಯ, ಅಂಕದ ಕೆಲಸವನ್ನು ಕೋಡ್‌ಗೆ ಬಿಡಿ. ಒಳ್ಳೆಯದೇ. ಆದರೆ ಗುಂಪನ್ನು ನೂರಕ್ಕೆ, ತಲೆಮಾರನ್ನು ಐವತ್ತಕ್ಕೆ ಏರಿಸಬೇಡಿ. ಇಲ್ಲಿ ಅಂಕ ಕೊಡುವುದು ಪ್ರೊಸೆಸರ್ ಅಲ್ಲ, ಅಪ್ಪನ ತಾಳ್ಮೆ. ಇನ್ನೂ ಕಮ್ಮಿ ಜೋಡಿಯಲ್ಲಿ ಮುಗಿಸಬೇಕೆಂದರೆ ಈ ತಳಿ ಬೆರೆಸುವ (ಜೆನೆಟಿಕ್) ದಾರಿ ಬಿಟ್ಟು ಬೇಯೀಸಿಯನ್ ವಿಧಾನ ನೋಡಿ. ಅದು ಮುಂದೆ ಯಾವ ಜೋಡಿ ಕೇಳಿಸಿದರೆ ಹೆಚ್ಚು ತಿಳಿಯುತ್ತೆ ಅಂತ ಲೆಕ್ಕ ಹಾಕಿ ಕೇಳಿಸುತ್ತೆ. ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಹುಟ್ಟಿದ ಓಪನ್ ಎಂಎಚ್‌ಎ ಎಂಬ ಮುಕ್ತ ತಂತ್ರಾಂಶದಲ್ಲಿ ಹಿಯರಿಂಗ್ ಏಡ್‌ನ ಒಳಗಿನ ಸಂಸ್ಕರಣೆಯನ್ನೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಬಹುದು. ಪ್ರಯೋಗದ ಸದ್ದನ್ನು ಮೊದಲು ನಿಮ್ಮ ಕಿವಿಗೆ ಹಾಕಿ ನೋಡಿ, ಗರಿಷ್ಠ ಮಟ್ಟಕ್ಕೆ ಕೋಡ್‌ನಲ್ಲೇ ಬೀಗ ಹಾಕಿ.

ಕೆಲವರು ಮಿಷನ್ ಮುಟ್ಟದೆ, ರೆಕಾರ್ಡಿಂಗನ್ನೇ ಈಕ್ವಲೈಜರ್‌ನಲ್ಲಿ ಬದಲಿಸಿ ಸ್ಪೀಕರ್‌ನಲ್ಲಿ ಕೇಳಿಸಲು ಹೊರಡುತ್ತಾರೆ. ಅಲ್ಲೊಂದು ಹಳ್ಳ ಇದೆ. ಮಿಷನ್‌ನೊಳಗೆ ಕಂಪ್ರೆಷನ್ ಇರುತ್ತೆ, ಅಂದರೆ ಸದ್ದಿನ ಏರಿಳಿತವನ್ನು ಅದುಮುವ ವ್ಯವಸ್ಥೆ. ಅನುಪಾತ 2:1 ಇದ್ದರೆ ನೀವು ಹೊರಗೆ 6 ಡೆಸಿಬೆಲ್ ಏರಿಸಿದ್ದು ಕಿವಿಗೆ ತಲುಪುವಾಗ 3 ಮಾತ್ರ. ಆ ಅಂಕಿಯನ್ನು ಹಾಗೇ ಒಯ್ದು ಮಿಷನ್‌ಗೆ ಹಾಕಿಸಿದರೆ ಬೇಕಾದ್ದಕ್ಕಿಂತ ದುಪ್ಪಟ್ಟಾಗುತ್ತೆ.

ಹಂತ 8: ಆಡಿಯಾಲಜಿಸ್ಟ್ ಹತ್ತಿರ

ಆಡಿಯೋಗ್ರಾಮ್, ಅಂಕದ ಹಾಳೆ, ಪದಗಳ ಫಲಿತಾಂಶ, ಗೆದ್ದ ಮೂರು ಅಂಕಿ ಒಯ್ಯಿರಿ. "ಒಂದನೇ ಪ್ರೋಗ್ರಾಂ ಹಾಗೇ ಇರಲಿ ಮೇಡಂ, ಎರಡನೆಯದಕ್ಕೆ ಇದನ್ನು ಹಾಕಿಕೊಡಿ" ಅಂತ ಕೇಳಿ. ಕಿವಿಯೊಳಗೆ ತೆಳು ನಳಿಕೆ ಇಟ್ಟು ಅಲ್ಲಿಗೆ ತಲುಪುವ ಸದ್ದನ್ನೇ ಅಳೆಯುವ ರಿಯಲ್ ಇಯರ್ ಪರೀಕ್ಷೆ ಇದ್ದರೆ ಮಾಡಿಸಿ. ಎಂಪಿಒ ಬದಲಾಗಿಲ್ಲ ಅಂತಲೂ ಖಚಿತ ಮಾಡಿಕೊಳ್ಳಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಆಡಿಯಾಲಜಿಸ್ಟ್ ಆಗಿರಲಿ, ಬರೀ ಮಾರಾಟದವರಾದರೆ ಬೇಡ. ಹೆಣ್ಣೂರು ರಸ್ತೆ ಕಡೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ, ನಿಮ್ಹಾನ್ಸ್‌ನ ವಾಕ್-ಶ್ರವಣ ವಿಭಾಗ ಇವು ನಗರದೊಳಗೇ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರುವುದೂ ಒಂದು ದಿನದ ಕೆಲಸ.

ನಿಮ್ಮ ಹಾಳೆ ನೋಡಿ ಅವರು ಬೇರೆಯದೇ ಕಾರಣ ಹೇಳಬಹುದು. ಎಲ್ಲಾ ತಲೆಮಾರಿನಲ್ಲೂ ಟ್ರೆಬಲ್ +6ಕ್ಕೇ ತಗುಲಿಕೊಂಡಿದ್ದರೆ ಮೊದಲು ನೋಡಬೇಕಾದ್ದು ಕಿವಿಯ ಗುಗ್ಗೆ ತಡೆಯುವ ಪುಟ್ಟ ಫಿಲ್ಟರ್. ಅದು ಕಟ್ಟಿಕೊಂಡಿದ್ದರೆ ಸದ್ದು ಮಂಕಾಗುತ್ತೆ. ಬದಲಿಸಲು ಎರಡು ನಿಮಿಷ ಸಾಕು.

ಡೋಮ್ ಬದಲಾದರೆ, ಕಿವಿಯ ಅಚ್ಚು ಹೊಸದು ಮಾಡಿಸಿದರೆ, ಮುಂದಿನ ಪರೀಕ್ಷೆಯಲ್ಲಿ ಆಡಿಯೋಗ್ರಾಮ್ 10 ಡೆಸಿಬೆಲ್ ಕೆಳಗಿಳಿದಿದ್ದರೆ ಈ ಅಂಕಿಗಳು ಲೆಕ್ಕಕ್ಕಿಲ್ಲ. ಹೊಸ ಫಿಟ್ಟಿಂಗ್ ಮಾಡಿಸಿ, ಅದನ್ನು ಸೊನ್ನೆ ಅಂತ ಬರೆದುಕೊಂಡು ಮತ್ತೆ ಮೊದಲ ಆರರಿಂದ ಶುರು ಮಾಡಿ. ರೆಕಾರ್ಡಿಂಗ್ ಮಾತ್ರ ಹಳೆಯದೇ ಆಗುತ್ತೆ, ಅಳಿಸಬೇಡಿ.